67 ವ್ಯಾಟ್ ಅಂತ ಬರೆದಿತ್ತು, ಬಂದದ್ದು ಹತ್ತು

ಕಿತ್ತೂರಿನವನು ಮೈಕ್ ಮುಂದೆ ಕೂತು ಇತಿಹಾಸ ಹೇಳ್ತೀನಿ ಅಂದ್ರೆ ನಿಮಗೆ ಗೊತ್ತೇ ಇದೆ, ಚನ್ನಮ್ಮ ಬರ್ತಾಳೆ, ರಾಯಣ್ಣ ಬರ್ತಾನೆ, 1824ರ ಅಕ್ಟೋಬರ್ 23 ಬರುತ್ತೆ, ಕೋಟೆ ಬಾಗಿಲಲ್ಲಿ ಥ್ಯಾಕರೆ ಬಿದ್ದದ್ದು ಬರುತ್ತೆ. ಇವತ್ತು ಅದು ಯಾವುದೂ ಇಲ್ಲ. ಇವತ್ತಿನದು ಚಾರ್ಜರ್‌ನ ಇತಿಹಾಸ. ನೀವು ಈಗ ಇದನ್ನು ಕೇಳ್ತಾ ಇರೋ ಫೋನಿಗೆ ಚುಚ್ಚಿರೋ ಆ ಬಿಳಿ ಡಬ್ಬಿ ಇದೆಯಲ್ಲ, ಅದರದ್ದು. ಇದನ್ನು ಹುಡುಕಿ ಓದೋಕೆ ನನಗೆ ಒಂದು ಕಾರಣ ಇತ್ತು. ಮೊದಲು ಅದನ್ನೇ ಹೇಳಿಬಿಡ್ತೀನಿ.

ನನ್ನ ತಂಗಿ ಡಿಗ್ರಿ ಕೊನೆಯ ವರ್ಷ. ಹೋದ ಮಳೆಗಾಲದಲ್ಲಿ ಅವಳಿಗೆ ಒಂದು ಕಂಪನಿಯ ಆನ್‌ಲೈನ್ ಟೆಸ್ಟ್ ಇತ್ತು. ತೊಂಬತ್ತು ನಿಮಿಷ, ಕ್ಯಾಮೆರಾ ಆನ್ ಇರಬೇಕು, ಕೋಣೆಯಲ್ಲಿ ಬೇರೆ ಯಾರೂ ಇರಬಾರದು, ಮಾತಾಡಿದರೆ ನಕಲು ಅಂತ ದಾಖಲಾಗುತ್ತದೆ. ಹಿಂದಿನ ರಾತ್ರಿ ಗುಡುಗು ಮಳೆ. ಬೆಳಗ್ಗೆ ನೋಡಿದರೆ ಲ್ಯಾಪ್‌ಟಾಪ್ ಚಾರ್ಜರ್ ಸತ್ತಿತ್ತು. ಬಸ್ ಸ್ಟ್ಯಾಂಡ್ ಕಡೆಗೆ ಓಡಿದೆ. ಮೊಬೈಲ್ ಅಂಗಡಿಯವರು, “ಲ್ಯಾಪ್‌ಟಾಪಿಂದು ಇಲ್ಲಿ ಸಿಗೂದಿಲ್ರಿ. ಧಾರವಾಡದಿಂದ ತರಸ್ಬೇಕು, ನಾಳೆ ಸಂಜಿಕಿ ಕೊಡ್ತೀನಿ” ಅಂದರು. ಟೆಸ್ಟ್ ಇದ್ದದ್ದು ಹನ್ನೊಂದು ಗಂಟೆಗೆ. ಧಾರವಾಡಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಹೋಗಿ, ಅಂಗಡಿ ಬಾಗಿಲು ತೆಗೆಯೋವರೆಗೆ ಕಾದು, ತಗೊಂಡು ಬರೋಷ್ಟು ಹೊತ್ತು ಇರಲಿಲ್ಲ.

ಆಗ ನಾನು ಜಾಣತನ ತೋರಿಸಿದೆ. ನನ್ನ ಫೋನಿನ ಚಾರ್ಜರ್ ತಂದುಕೊಟ್ಟೆ. ಅದರ ಮೇಲೆ ದೊಡ್ಡದಾಗಿ 67 ವ್ಯಾಟ್ ಅಂತ ಬರೆದಿದೆ. ಲ್ಯಾಪ್‌ಟಾಪಿನ ಹಳೇ ಚಾರ್ಜರ್ 65 ವ್ಯಾಟಿನದು. ಎರಡಕ್ಕೂ ತುದಿ ಒಂದೇ, ಟೈಪ್-ಸಿ. “ನಿಂದು ಅರವತ್ತೈದು, ಇದು ಅರವತ್ತೇಳು ಐತಿ. ಎರಡು ಹೆಚ್ಚಿಗೇನ ಐತಿ ತಂಗಿ, ಆರಾಮ ಬರಿ” ಅಂದೆ. ಚುಚ್ಚಿದ ಕೂಡಲೇ ಪರದೆಯ ಮೂಲೆಯಲ್ಲಿ ಪ್ಲಗ್ ಚಿತ್ರ ಬಂತು. ಬ್ಯಾಟರಿ 38 ಪರ್ಸೆಂಟ್. ಅವ್ವ ಮಿಕ್ಸರ್ ಹಚ್ಚಬಾರದು ಅಂತ ಹೇಳಿ, ಕೋಣೆ ಬಾಗಿಲು ಎಳೆದುಕೊಂಡು ಬಂದೆ.

ಒಂದು ತಾಸಿನ ಮೇಲೆ ನಾಲ್ಕೈದು ನಿಮಿಷ ಆಗಿರಬೇಕು, ಬಾಗಿಲು ತೆಗೆದಳು. ಅಳ್ತಾ ಇರಲಿಲ್ಲ. “ಅಣ್ಣಾ, ಬಂದ್ ಆತು” ಅಂದಳು ಅಷ್ಟೆ. 38 ಇದ್ದದ್ದು 30 ಆಗೋದನ್ನ ನೋಡಿದ್ದಾಳೆ, 20 ಆಗೋದನ್ನ ನೋಡಿದ್ದಾಳೆ. ಮಾತಾಡಿದರೆ ನಕಲು ಅಂತಾರೆ ಅಂತ ನನ್ನನ್ನು ಕರೆಯಲಿಲ್ಲ. ಪ್ಲಗ್ ಚಿತ್ರ ಇದೆಯಲ್ಲ, ಅಣ್ಣ ಹೇಳಿದ್ದಾನಲ್ಲ ಅಂತ ನಂಬಿಕೊಂಡು ಬರೀತಾ ಹೋಗಿದ್ದಾಳೆ. ಇನ್ನೂ ಇಪ್ಪತ್ತೈದು ನಿಮಿಷದ ಪ್ರಶ್ನೆ ಉಳಿದಿತ್ತು. ಕಂಪನಿಗೆ ಮೇಲ್ ಬರೆದೆವು. ಮರು ಅವಕಾಶ ಇಲ್ಲ ಅಂತ ಎರಡು ಸಾಲಿನ ಉತ್ತರ ಬಂತು.

ಮಜಾ ಅಂದ್ರೆ ಅವತ್ತು ಕರೆಂಟ್ ಹೋಗಿರಲಿಲ್ಲ. ಫ್ಯಾನ್ ತಿರುಗ್ತಾನೇ ಇತ್ತು.

ಸಂಜೆ ಅಪ್ಪ ಹೊಲದಿಂದ ಬಂದು ಕೇಳಿದ ಮೊದಲ ಮಾತು: “ಓಲ್ಟೇಜ್ ಇರ್ಲಿಲ್ಲೇನು?” ನಮ್ಮ ಕಡೆ ಯಾವುದೇ ಯಂತ್ರ ನಿಂತರೂ ಹಿರಿಯರ ಬಾಯಲ್ಲಿ ಬರೋದು ಇದೇ ಪ್ರಶ್ನೆ. ಇದಕ್ಕೂ ಒಂದು ಇತಿಹಾಸ ಇದೆ.

ಕರ್ನಾಟಕದ ವಿದ್ಯುತ್ತಿನ ಕಥೆಯನ್ನು ಸಾಮಾನ್ಯವಾಗಿ ಶಿವನಸಮುದ್ರದಿಂದ ಶುರು ಮಾಡ್ತಾರೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಹುಟ್ಟಿದ ಯೋಜನೆ ಅದು. 1902ರಲ್ಲಿ ಕಾವೇರಿಯ ಆ ಜಲಪಾತದಿಂದ ಕೋಲಾರದ ಚಿನ್ನದ ಗಣಿಗೆ, ಸುಮಾರು 147 ಕಿಲೋಮೀಟರ್ ದೂರ, ತಂತಿಯ ಮೇಲೆ ವಿದ್ಯುತ್ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಆದರೆ ಇದು ಮೈಸೂರು ಸಂಸ್ಥಾನದ ಕಥೆ. ನಾವು ಬೆಳಗಾವಿ ಜಿಲ್ಲೆಯವರು ಆಗ ಮುಂಬಯಿ ಪ್ರಾಂತ್ಯದಲ್ಲಿದ್ದೆವು. ನಮ್ಮದೇ ಜಿಲ್ಲೆಯ ಗೋಕಾಕದಲ್ಲಿ ಘಟಪ್ರಭೆ ಧುಮುಕುವ ಜಾಗದಲ್ಲಿ 1880ರ ದಶಕದಲ್ಲೇ ನೀರಿನ ಬಲದಿಂದ ಹತ್ತಿಯ ಗಿರಣಿ ತಿರುಗ್ತಿತ್ತು. ಆದರೆ ಆ ಬಲ ಗಿರಣಿಯದ್ದು, ಹಳ್ಳಿಯದ್ದಲ್ಲ. 1956ರಲ್ಲಿ ಏಕೀಕರಣ ಆಯ್ತು, 1957ರಲ್ಲಿ ಕೆಇಬಿ ಹುಟ್ಟಿತು. ಕಂಬಗಳು ಊರೂರಿಗೆ ಬಂದದ್ದು ಅದಾದ ಮೇಲಿನ ದಶಕಗಳಲ್ಲಿ. ಈಗ ಹೆಸರು ಹೆಸ್ಕಾಂ, 2002ರಿಂದ. ಆದರೂ ನಮ್ಮ ಅಜ್ಜಿಗೆ ಇವತ್ತಿಗೂ ಅದು ಕೆಇಬಿನೇ.

ಕಂಬ ಬಂತು, ಅದರ ಹಿಂದೆ ಪಂಪ್‌ಸೆಟ್ ಬಂತು. ಒಂದು ಟಿಸಿಗೆ ಹಾಕಬೇಕಾದಷ್ಟಕ್ಕಿಂತ ಜಾಸ್ತಿ ಮೋಟಾರು. ತ್ರೀ ಫೇಸ್ ಬಂದ ಕೂಡಲೇ ಎಲ್ಲರೂ ಒಟ್ಟಿಗೆ ಸ್ಟಾರ್ಟರ್ ಒತ್ತೋದು. ಸಾಲಿನ ಕಡೆಯ ಹೊಲಕ್ಕೆ ಮುಟ್ಟೋ ಹೊತ್ತಿಗೆ ವೋಲ್ಟೇಜ್ ಕುಸಿದಿರುತ್ತೆ. ಆಗ ಮೋಟಾರ್ ಏನು ಮಾಡುತ್ತೆ ಗೊತ್ತಾ? ಅದು ಹಟಮಾರಿ. ವೋಲ್ಟೇಜ್ ಕಮ್ಮಿ ಆಯ್ತು ಅಂತ ಕೆಲಸ ಕಮ್ಮಿ ಮಾಡಲ್ಲ. ಬಾವಿಯ ನೀರು ಅಷ್ಟೇ ಭಾರ, ಎತ್ತಲೇಬೇಕು. ತಿರುಗುವ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಬೀಳುತ್ತೆ. ಅಂದರೆ ವೋಲ್ಟೇಜ್ ಹತ್ತರಲ್ಲಿ ಎಂಟು ಪಾಲು ಉಳಿದರೆ ಬಲ ಹತ್ತರಲ್ಲಿ ಆರೂವರೆ ಪಾಲೂ ಉಳಿಯಲ್ಲ. ವೇಗ ತಗ್ಗುತ್ತೆ, ಕರೆಂಟ್ ಹೆಚ್ಚು ಎಳೆಯುತ್ತೆ, ತಾಮ್ರದ ತಂತಿ ಕಾಯುತ್ತೆ. ಕಡೆಗೆ ಒಂದು ಸುಟ್ಟ ವಾಸನೆ. ವೈಂಡಿಂಗ್ ಹೋಯ್ತು. ಬೈಲಹೊಂಗಲ, ಸವದತ್ತಿ, ರಾಮದುರ್ಗ, ಎಲ್ಲಿ ಹೋದರೂ ರಿವೈಂಡಿಂಗ್ ಅಂಗಡಿ ಕಾಣ್ತೀರಲ್ಲ, ಅವು ನಡೆಯೋದೇ ಇದರ ಮೇಲೆ.

ಹಾಗಾಗಿ ಅಪ್ಪನ ತಲೆಮಾರಿನವರಿಗೆ ಬಲ ಸಾಲದಿದ್ದರೆ ಯಂತ್ರ ಸುಡುತ್ತೆ ಅನ್ನೋದು ಅನುಭವದ ಮಾತು. ಅದು ತಪ್ಪಲ್ಲ. ಮೋಟಾರಿಗೆ ಅದು ನಿಜ. ಆದರೆ ನಮ್ಮ ಲ್ಯಾಪ್‌ಟಾಪ್ ಸುಡಲಿಲ್ಲ. ಅದಕ್ಕೆ ಏನೂ ಆಗಲೇ ಇಲ್ಲ. ಸುಮ್ಮನೆ ಆರಿಹೋಯ್ತು. ಯಾಕೆ?

ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ಕಾಕಾನ ಹತ್ತಿರ ಒಂದು ಟೇಪ್ ರೆಕಾರ್ಡರ್ ಇತ್ತು, ಅದಕ್ಕೊಂದು ಎಲಿಮಿನೇಟರ್. ಇಪ್ಪತ್ತರ ಆಸುಪಾಸಿನ ಕೇಳುಗರು ಈ ಪದ ಕೇಳಿರಲಿಕ್ಕಿಲ್ಲ. ಸೆಲ್ ಹಾಕೋದನ್ನ ತಪ್ಪಿಸೋ ಕಪ್ಪು ಡಬ್ಬಿ ಅದು. ಒಳಗೆ ಕಬ್ಬಿಣದ ಟ್ರಾನ್ಸ್‌ಫಾರ್ಮರ್, ಹಾಗಾಗಿ ಕಲ್ಲಿನಷ್ಟು ಭಾರ. ಮೇಲೆ ಒಂದು ಗುಂಡಿ, ಅದನ್ನು 3, 4.5, 6, 9, 12 ಅಂತ ತಿರುಗಿಸಬಹುದು. ಎಷ್ಟು ವೋಲ್ಟ್ ಬೇಕು ಅನ್ನೋದನ್ನ ಯಂತ್ರ ಹೇಳ್ತಿರಲಿಲ್ಲ, ಮನುಷ್ಯ ಹೇಳಬೇಕಿತ್ತು. ಕಮ್ಮಿಗೆ ತಿರುಗಿಸಿದರೆ ಭಜನಿ ಕ್ಯಾಸೆಟ್ಟಿನ ಗಾಯಕರ ದನಿ ನಿದ್ದೆಗಣ್ಣಲ್ಲಿ ಹಾಡಿದಂಗೆ ಎಳೆದುಕೊಂಡು ಬರೋದು. ಜಾಸ್ತಿಗೆ ತಿರುಗಿಸಿದರೆ ಆ ದಿನದ ಹಾಡು ಅಲ್ಲಿಗೆ ಮುಗೀತು. ಹೊರಗಿನ ವೋಲ್ಟೇಜ್ ಬಿದ್ದರೆ ಒಳಗಿನದೂ ಬೀಳೋದು.

ಲ್ಯಾಪ್‌ಟಾಪ್ ಚಾರ್ಜರ್ ಒಳಗಿರೋದು ಬೇರೆ ಜಾತಿಯ ಯಂತ್ರ. ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ತುಂಡು ತುಂಡು ಮಾಡಿ, ಬೇಕಾದಷ್ಟನ್ನೇ ಅಳೆದು ಕೊಡುತ್ತೆ. 1977ರಲ್ಲಿ ಆಪಲ್-2 ಕಂಪ್ಯೂಟರಿಗೆ ರಾಡ್ ಹೋಲ್ಟ್ ಅನ್ನೋ ಎಂಜಿನಿಯರ್ ಇಂಥದ್ದನ್ನು ಹಾಕಿದರು. ಕಂಪ್ಯೂಟರ್ ಲೋಕದಲ್ಲಿ ಅದು ಮೊದಲೂ ಇತ್ತು, ಆದರೆ ಮನೆಯ ಕಂಪ್ಯೂಟರಿನೊಳಗೆ ಚಿಕ್ಕದಾಗಿ, ಹಗುರವಾಗಿ ಬಂತು. ನಿಮ್ಮ ಚಾರ್ಜರಿನ ಹಿಂದೆ ಸಣ್ಣ ಅಕ್ಷರದಲ್ಲಿ 100-240 ವೋಲ್ಟ್ ಅಂತ ಇರುತ್ತೆ, ನೋಡಿ. ಅದರ ಅರ್ಥ, ನಮ್ಮೂರಿನ 230 ವೋಲ್ಟ್ ಕುಸಿದು 160 ಆದರೂ ಅದಕ್ಕೆ ಲೆಕ್ಕ ಇಲ್ಲ, ಹೊರಗೆ ಕೊಡೋದನ್ನ ಅಷ್ಟೇ ಕೊಡುತ್ತೆ. ಅಂದಮೇಲೆ ಅಪ್ಪನ ಪ್ರಶ್ನೆಗೆ ಉತ್ತರ: ಇಲ್ಲ, ಓಲ್ಟೇಜ್ ಕಾರಣ ಅಲ್ಲ. ಗೋಡೆಯಿಂದ ಚಾರ್ಜರಿಗೆ ಬೇಕಾದಷ್ಟು ಬಂದಿದೆ. ಚಾರ್ಜರಿನಿಂದ ಲ್ಯಾಪ್‌ಟಾಪಿಗೆ ಹೋಗಿಲ್ಲ.

ಮೊದಲ ತಲೆಮಾರಿನ ‘ಹೊತ್ತೊಯ್ಯೋ’ ಕಂಪ್ಯೂಟರುಗಳಿಗೆ ಈ ತಲೆನೋವೇ ಇರಲಿಲ್ಲ. 1981ರ ಆಸ್ಬೋರ್ನ್-1 ಸುಮಾರು 11 ಕಿಲೋ ತೂಕ, ಬ್ಯಾಟರಿಯೇ ಇಲ್ಲ. ಹೊತ್ತುಕೊಂಡು ಹೋಗಿ ಮತ್ತೆ ಗೋಡೆಗೇ ಚುಚ್ಚಬೇಕು. 1991ರಲ್ಲಿ ಸೋನಿ ಲಿಥಿಯಂ-ಅಯಾನ್ ಬ್ಯಾಟರಿ ಮಾರುಕಟ್ಟೆಗೆ ತಂದ ಮೇಲೆ ಲ್ಯಾಪ್‌ಟಾಪ್ ನಿಜವಾಗಿ ತೊಡೆಯ ಮೇಲೆ ಕೂತಿತು. ಆ ಕಾಲದ ಚಾರ್ಜರುಗಳಿಗೆ ದುಂಡು ಪಿನ್, ಕಂಪನಿಗೊಂದು ಅಳತೆ. ಕಮ್ಮಿ ಬಲದ್ದನ್ನು ಚುಚ್ಚಿದರೆ ಲ್ಯಾಪ್‌ಟಾಪಿಗೆ ಗೊತ್ತೇ ಆಗ್ತಿರಲಿಲ್ಲ, ಹಟಮಾರಿ ಮೋಟಾರಿನಂತೆ ತನಗೆ ಬೇಕಾದಷ್ಟು ಎಳೆಯೋದು. ಆಗ ಬಳಲ್ತಿದ್ದದ್ದು ಚಾರ್ಜರ್. ಕೈಯಿಟ್ಟರೆ ಸುಡುವಷ್ಟು ಕಾಯೋದು, ಒಳ್ಳೆಯದಾದರೆ ತಾನೇ ಬಂದ್ ಆಗೋದು, ಕಳಪೆಯದಾದರೆ ಪ್ಲಾಸ್ಟಿಕ್ ಕರಗೋದು. ಆಮೇಲೆ ಕೆಲವು ಕಂಪನಿಗಳು ಉಪಾಯ ಮಾಡಿದವು. ಡೆಲ್ ಚಾರ್ಜರಿನ ದುಂಡು ಪಿನ್ ಮಧ್ಯೆ ಸೂಜಿಯಂಥ ಇನ್ನೊಂದು ಪಿನ್ ಇರುತ್ತೆ, ನೋಡಿದ್ದೀರಾ? ಅದು ಕರೆಂಟಿಗಲ್ಲ. ‘ನಾನು ಇಷ್ಟು ವ್ಯಾಟಿನವನು’ ಅಂತ ಲ್ಯಾಪ್‌ಟಾಪಿಗೆ ಗುರುತು ಹೇಳೋಕೆ. ಗುರುತು ಸಿಗದಿದ್ದರೆ ಲ್ಯಾಪ್‌ಟಾಪ್ ಬ್ಯಾಟರಿ ತುಂಬಲ್ಲ, ತನ್ನ ವೇಗವನ್ನೂ ತಗ್ಗಿಸುತ್ತೆ. ‘ಚಾರ್ಜರ್ ಹಾಕಿದ ಮೇಲೆ ಸ್ಲೋ ಆಯ್ತು’ ಅಂತ ಎಷ್ಟೋ ಜನ ವೈರಸ್ ಹುಡುಕ್ತಾ ಕೂತಿದ್ದಾರೆ. ವೈರಸ್ ಅಲ್ಲ, ಆ ಸೂಜಿ ಬಗ್ಗಿರುತ್ತೆ ಅಷ್ಟೆ.

ಇನ್ನೊಂದು ಕಡೆಯಿಂದ ಯುಎಸ್‌ಬಿ ಬರ್ತಾ ಇತ್ತು. 1996ರಲ್ಲಿ ಇಂಟೆಲ್‌ನ ಅಜಯ್ ಭಟ್ ಮತ್ತು ಅವರ ತಂಡ ಇದನ್ನು ಹೊರತಂದಾಗ ಉದ್ದೇಶ ಚಾರ್ಜಿಂಗ್ ಅಲ್ಲವೇ ಅಲ್ಲ. ಮೌಸು, ಕೀಬೋರ್ಡು, ಪ್ರಿಂಟರು, ಎಲ್ಲಕ್ಕೂ ಒಂದೇ ತೂತು ಇರಲಿ ಅಂತ. ಜೊತೆಗೆ ಒಂಚೂರು ಕರೆಂಟ್: 5 ವೋಲ್ಟ್, ಅರ್ಧ ಆಂಪಿಯರ್. ಗುಣಿಸಿದರೆ ಎರಡೂವರೆ ವ್ಯಾಟ್. ಮೌಸಿಗೆ ಅದು ಧಾರಾಳ. ಫೋನುಗಳು ಬಂದು ಆ ತೂತಿಗೆ ಬಾಯಿಟ್ಟವು ನೋಡಿ, ಅಲ್ಲಿಂದ ಎಲ್ಲ ಬದಲಾಯ್ತು. ನೋಕಿಯಾ ಸಣ್ಣ ಪಿನ್, ದಪ್ಪ ಪಿನ್ ಅಂತ ಚಾರ್ಜರ್ ಕೇಳಿಕೊಂಡು ಮನೆಮನೆ ತಿರುಗುತ್ತಿದ್ದ ಕಾಲ ಮುಗಿದು, ಎಲ್ಲರದ್ದೂ ಯುಎಸ್‌ಬಿ ಆಯ್ತು. ಎರಡೂವರೆ ವ್ಯಾಟು ಯಾರಿಗೂ ಸಾಲದಾಯ್ತು.

2012ರಲ್ಲಿ ಯುಎಸ್‌ಬಿ ಪವರ್ ಡೆಲಿವರಿ ಅನ್ನೋ ನಿಯಮ ಬಂತು, ಚಿಕ್ಕದಾಗಿ ಪಿಡಿ. 2014ರಲ್ಲಿ ಟೈಪ್-ಸಿ ತುದಿ. 2015ರಲ್ಲಿ ಆಪಲ್ ಒಂದೇ ಒಂದು ಟೈಪ್-ಸಿ ತೂತಿನ ಮ್ಯಾಕ್‌ಬುಕ್ ತಂದಿತು, ಚಾರ್ಜರ್ 29 ವ್ಯಾಟಿನದು. ಪಿಡಿ ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನ ನಮ್ಮ ಭಾಷೆಯಲ್ಲಿ ಹೇಳ್ತೀನಿ. ಚುಚ್ಚಿದ ಕೂಡಲೇ ಚಾರ್ಜರ್ ಬರೀ 5 ವೋಲ್ಟ್ ಕೊಡುತ್ತೆ. ಆಮೇಲೆ ತಂತಿಯೊಳಗೆ ಮಾತುಕತೆ. ಚಾರ್ಜರ್, “ನನ್ನ ಕಡೆ ಐದು ಐತಿ, ಒಂಬತ್ತು ಐತಿ, ಹದಿನೈದು ಐತಿ, ಇಪ್ಪತ್ತು ಐತಿ. ಯಾವ್ದು ಬೇಕು ಹೇಳು” ಅನ್ನುತ್ತೆ. ಲ್ಯಾಪ್‌ಟಾಪ್, “ಇಪ್ಪತ್ತು ಕೊಡಪಾ, ಮೂರು ಆಂಪಿಯರ್ ಸಾಕು” ಅನ್ನುತ್ತೆ. 20 ಇಂಟು 3, ಅರವತ್ತು ವ್ಯಾಟ್. ಅದಕ್ಕಿಂತ ಮೇಲೆ, ಅಂದರೆ 5 ಆಂಪಿಯರ್ ಬೇಕಾದರೆ ಕೇಬಲ್ ಒಳಗೂ ಒಂದು ಚಿಪ್ ಇರಬೇಕು, ‘ನಾನು ತಡ್ಕೋತೀನಿ’ ಅಂತ ಹೇಳೋಕೆ. 2021ರ ನಿಯಮದಲ್ಲಿ ಇದು 48 ವೋಲ್ಟ್, 240 ವ್ಯಾಟಿನವರೆಗೆ ಹೋಯ್ತು. ಎಲಿಮಿನೇಟರ್ ಗುಂಡಿಯನ್ನು ಕಾಕಾ ತಿರುಗಿಸ್ತಿದ್ದರು. ಈಗ ಲ್ಯಾಪ್‌ಟಾಪೇ ತಿರುಗಿಸಿಕೊಳ್ಳುತ್ತೆ.

ಹಾಗಾದರೆ ನನ್ನ 67 ಎಲ್ಲಿ ಹೋಯ್ತು?

ದನದ ಸಂತೆಗೆ ಹೋಗಿದ್ದೀರಾ? ದಲಾಲರು ಟವೆಲ್ ಕೆಳಗೆ ಬೆರಳು ಹಿಡಿದು ದರ ಮಾಡ್ತಾರೆ. ಹೊರಗಿನವರಿಗೆ ಕಾಣಲ್ಲ, ಕಂಡರೂ ತಿಳಿಯಲ್ಲ. ಫೋನ್ ಕಂಪನಿಗಳೂ ಇದನ್ನೇ ಮಾಡಿದವು. 2013ರ ಸುಮಾರಿಗೆ ಕ್ವಾಲ್‌ಕಾಮ್ ತನ್ನ ಕ್ವಿಕ್ ಚಾರ್ಜ್ ತಂದಿತು, 2014ರಲ್ಲಿ ಒಪ್ಪೊ ತನ್ನ ವೂಕ್ ತಂದಿತು, ಆಮೇಲೆ ಪ್ರತಿಯೊಬ್ಬರೂ ತಮ್ಮದೊಂದು. ಆ ಕಂಪನಿಯ ಫೋನು, ಆ ಕಂಪನಿಯ ಚಾರ್ಜರು, ಆ ಕಂಪನಿಯ ಕೇಬಲ್ಲು ಮೂರೂ ಸೇರಿದರೆ ಮಾತ್ರ ಬೆರಳ ಭಾಷೆ ತಿಳಿಯುತ್ತೆ, ದೊಡ್ಡ ವ್ಯಾಟು ಹರಿಯುತ್ತೆ. ನಮ್ಮ ಲ್ಯಾಪ್‌ಟಾಪಿಗೆ ಗೊತ್ತಿರೋದು ಪಿಡಿ ಭಾಷೆ. ನನ್ನ ಚಾರ್ಜರಿಗೆ ಗೊತ್ತಿರೋದು ಅದರ ಮನೆಮಾತು. ಅದರ ಕಡೆಯ ತೂತು ಹಳೇ ಚಪ್ಪಟೆ ಯುಎಸ್‌ಬಿ ಬೇರೆ, ಅಲ್ಲಿ ಪಿಡಿ ಮಾತೇ ಇಲ್ಲ. ಇಬ್ಬರಿಗೂ ಭಾಷೆ ತಿಳಿಯದಿದ್ದಾಗ ಏನಾಗುತ್ತೆ? ಎಲ್ಲರಿಗೂ ಗೊತ್ತಿರೋ ಹಳೇ 5 ವೋಲ್ಟಿಗೆ ಇಳಿದು ಬಿಡ್ತಾರೆ. ಮೌಸಿಗಾಗಿ ಹುಟ್ಟಿದ ಆ 5 ವೋಲ್ಟು.

ಆಮೇಲೆ ಒಂದು ಸಣ್ಣ ಯುಎಸ್‌ಬಿ ಮೀಟರ್ ತರಿಸಿ ಅಳೆದೆ. 5 ವೋಲ್ಟ್, 2 ಆಂಪಿಯರ್ ಆಸುಪಾಸು. ಹತ್ತು ವ್ಯಾಟ್. ಕ್ಯಾಮೆರಾ, ಪೂರ್ತಿ ಬೆಳಕಿನ ಪರದೆ, ಕಣ್ಗಾವಲು ಸಾಫ್ಟ್‌ವೇರ್ ಎಲ್ಲ ಸೇರಿ ಲ್ಯಾಪ್‌ಟಾಪ್ ತಿನ್ನೋದು 25ರ ಹತ್ತಿರ. ಉಳಿದ ಹದಿನೈದನ್ನ ಬ್ಯಾಟರಿಯಿಂದ ಎಳೀತಾ ಇತ್ತು. ಬ್ಯಾಟರಿ 42 ವ್ಯಾಟ್-ತಾಸಿನದು. ಅದರ 38 ಪರ್ಸೆಂಟ್ ಅಂದರೆ ಹದಿನಾರು. ಹದಿನಾರನ್ನು ಹದಿನೈದರಿಂದ ಭಾಗಿಸಿ. ಒಂದು ತಾಸು, ಮೇಲೆ ನಾಲ್ಕು ನಿಮಿಷ. ಲೆಕ್ಕ ಮಾಡಿ ನೋಡಿದಾಗ ನನಗೆ ಬೇಜಾರಾಗಿದ್ದು ಇದೇ. ಟೆಸ್ಟಿಗೆ ಕೂರೋ ಮೊದಲೇ, ಇಷ್ಟು ಸಣ್ಣ ಭಾಗಾಕಾರದಲ್ಲಿ, ಎಷ್ಟು ಹೊತ್ತಿಗೆ ನಿಲ್ಲುತ್ತೆ ಅನ್ನೋದು ಗೊತ್ತಾಗಬಹುದಿತ್ತು. ಪರದೆಯ ಬೆಳಕು ತಗ್ಗಿಸಿ, ಬೆಳಗ್ಗೆ ಎಂಟರಿಂದ ಹನ್ನೊಂದರವರೆಗೆ ಲ್ಯಾಪ್‌ಟಾಪ್ ಆಫ್ ಮಾಡಿ ಅದೇ ಚಾರ್ಜರಿಗೆ ಹಚ್ಚಿಟ್ಟಿದ್ದರೂ ಸಾಕಿತ್ತು. ಮೂರು ತಾಸಿಗೆ ಹತ್ತರಂತೆ ಮೂವತ್ತು, ಸೋರಿದ್ದು ಬಿಟ್ಟರೂ ಇಪ್ಪತ್ತೈದು. ತೊಂಬತ್ತು ನಿಮಿಷ ಆರಾಮಾಗಿ ದಾಟಿಸ್ತಿತ್ತು. ನಾವೇನು ಮಾಡಿದ್ವಿ? ಆ ಮೂರು ತಾಸು ಲ್ಯಾಪ್‌ಟಾಪ್ ಆನ್ ಇಟ್ಟು, ಮಾದರಿ ಪ್ರಶ್ನೆ ಬಿಡಿಸಿ, ನೆಟ್ ಬರುತ್ತಾ ಅಂತ ಹತ್ತು ಸಲ ಪರೀಕ್ಷೆ ಮಾಡಿದ್ವಿ.

ಚಾರ್ಜರಿನ ಬೆನ್ನ ಮೇಲಿನ ಸಣ್ಣ ಅಕ್ಷರವನ್ನೂ ಆಮೇಲೆ ಓದಿದೆ. 5 ವೋಲ್ಟ್ 3 ಆಂಪಿಯರ್, 9 ವೋಲ್ಟ್ 3 ಆಂಪಿಯರ್, 11 ವೋಲ್ಟ್ 6.1 ಆಂಪಿಯರ್. ಕೊನೆಯದನ್ನ ಗುಣಿಸಿದರೆ 67. ಲ್ಯಾಪ್‌ಟಾಪಿಗೆ ಬೇಕಾದ 20 ವೋಲ್ಟಿನ ಸಾಲೇ ಇಲ್ಲ. ನಿಮ್ಮ ಚಾರ್ಜರಿನಲ್ಲಿ ಆ 20 ವೋಲ್ಟಿನ ಸಾಲು ಇದೆಯಾ ನೋಡಿ. ಇದ್ದರೆ ಅದರ ಮುಂದೆ ಬರೆದ ಆಂಪಿಯರಿನಿಂದ ಗುಣಿಸಿ, ಅದೇ ನಿಮ್ಮ ಲ್ಯಾಪ್‌ಟಾಪಿಗೆ ಸಿಗೋದು. 45 ವ್ಯಾಟಿನದಾದರೆ 65ರ ಲ್ಯಾಪ್‌ಟಾಪನ್ನೂ ಓದು-ಬರಹಕ್ಕೆ ನಡೆಸುತ್ತೆ, ನಿಧಾನಕ್ಕೆ ತುಂಬುತ್ತೆ, ಏನೂ ಹಾಳಾಗಲ್ಲ. 15 ವೋಲ್ಟಿಗಿಂತ ಕಮ್ಮಿ ಇದ್ದರೆ ಬಹಳಷ್ಟು ಲ್ಯಾಪ್‌ಟಾಪುಗಳು ಮುಟ್ಟೋದೇ ಇಲ್ಲ, ಪ್ಲಗ್ ಚಿತ್ರವೂ ಬರಲ್ಲ. ನಮ್ಮದು ಅದನ್ನೂ ತಗೊಳ್ಳೋ ಜಾತಿಯದು. ಮುಟ್ಟದೇ ಇದ್ದಿದ್ದರೆ ಒಳ್ಳೆಯದಿತ್ತು. ಆಗ ಪಕ್ಕದ ಬೀದಿಯ ಗೆಳೆಯನ ಲ್ಯಾಪ್‌ಟಾಪ್ ಕೇಳ್ತಿದ್ದೆ.

ಸುಡೋ ಭಯ ಪೂರ್ತಿ ಸುಳ್ಳು ಅಂತಲೂ ಅಲ್ಲ. ಟೈಪ್-ಸಿ ಹೊಸದಾಗಿದ್ದಾಗ ಗೂಗಲ್‌ನ ಎಂಜಿನಿಯರ್ ಬೆನ್ಸನ್ ಲೆಯುಂಗ್ ಆನ್‌ಲೈನ್‌ನಲ್ಲಿ ಸಿಗೋ ಕೇಬಲ್‌ಗಳನ್ನು ಒಂದೊಂದಾಗಿ ಕೊಂಡು ಪರೀಕ್ಷಿಸಿ ಬರೀತಿದ್ದರು. 2016ರಲ್ಲಿ ಒಂದು ಕೇಬಲ್ ಅವರ ಲ್ಯಾಪ್‌ಟಾಪನ್ನೇ ಕೆಡಿಸಿತು. ಒಳಗೆ ತಂತಿಗಳನ್ನು ಅದಲು ಬದಲು ಬೆಸೆದಿದ್ದರು. ಅಲ್ಲಿ ಕೆಡಿಸಿದ್ದು ತಪ್ಪು ಬೆಸುಗೆ. ಬಲ ಸಾಲದ ಒಳ್ಳೆಯ ಚಾರ್ಜರ್‌ಗಿಂತ ಬಲ ಜಾಸ್ತಿ ಅಂತ ಸುಳ್ಳು ಬರೆದ ಕಳಪೆ ಚಾರ್ಜರ್ ಅಪಾಯ. ಜಾತ್ರೆಯಲ್ಲಿ, ಹೈವೇ ಪಕ್ಕದ ಡಬ್ಬಿ ಅಂಗಡಿಯಲ್ಲಿ ನೂರು ರೂಪಾಯಿಗೆ ಸಿಗೋದರ ಮೇಲೆ ಏನು ಬೇಕಾದರೂ ಅಚ್ಚು ಹಾಕಬಹುದು.

ಸರ್ಕಾರಗಳೂ ಇತ್ತೀಚೆಗೆ ಕೈಹಾಕಿವೆ. 2023ರ ಜನವರಿಯಲ್ಲಿ ನಮ್ಮ ಬಿಐಎಸ್ ಟೈಪ್-ಸಿಗೆ ಭಾರತೀಯ ಮಾನದಂಡ ಪ್ರಕಟಿಸಿತು. ಯುರೋಪಿನಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆ ಟೈಪ್-ಸಿ ಕಡ್ಡಾಯ, ಲ್ಯಾಪ್‌ಟಾಪುಗಳಿಗೆ ಅವರು ಇಟ್ಟ ಗಡುವು 2026ರ ಏಪ್ರಿಲ್ 28. ಒಂದೇ ತುದಿ ಅನ್ನೋದು ಒಳ್ಳೆಯ ಮಾತು, ಕಸ ಕಮ್ಮಿ ಆಗುತ್ತೆ. ಆದರೆ ನನಗನ್ನಿಸೋದು, ಹಳೇ ಕಾಲದಲ್ಲಿ ತಪ್ಪು ಚಾರ್ಜರ್ ತೂತಿಗೇ ಹೋಗ್ತಿರಲಿಲ್ಲ. ಅದು ತಲೆನೋವಾದರೂ ಎಚ್ಚರಿಕೆ ಆಗಿತ್ತು. ಈಗ ಎಲ್ಲವೂ ಎಲ್ಲದಕ್ಕೂ ಹೋಗುತ್ತೆ. ಪರದೆಯ ಮೂಲೆಯಲ್ಲಿ ಪ್ಲಗ್ ಚಿತ್ರದ ಜೊತೆ ‘ನಿಧಾನ ಚಾರ್ಜರ್’ ಅಂತ ಒಂದು ಸಾಲು ಬಂದು ಎರಡು ಸೆಕೆಂಡಿನಲ್ಲಿ ಮಾಯವಾಗಿತ್ತಂತೆ. ತಂಗಿ ಆಮೇಲೆ ಹೇಳಿದಳು. ಅಣ್ಣ ಹೇಳಿದ ಮೇಲೆ ಯಾಕೆ ಚಿಂತೆ ಅಂತ ಸುಮ್ಮನಾಗಿದ್ದಳು.

ಅಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿ, “ಅಂದ್ರ ಅದು ಮೋಟಾರಿಗಿಂತ ಶಾಣ್ಯಾ ಐತಿ. ಸುಡೂದಿಲ್ಲ, ಮಕ್ಕೋತೈತಿ” ಅಂದರು. ಇಷ್ಟು ಹೊತ್ತು ನಾನು ಹೇಳಿದ್ದನ್ನ ಅವರು ಒಂದೇ ಮಾತಿನಲ್ಲಿ ಹೇಳಿ ಊಟಕ್ಕೆ ಎದ್ದರು.

ಧಾರವಾಡದಿಂದ 65 ವ್ಯಾಟಿನ ಪಿಡಿ ಚಾರ್ಜರ್ ಬಂದಿದೆ. ತಂಗಿ ಅದರ ಮೇಲೆ ಮಾರ್ಕರಿನಲ್ಲಿ 20 × 3.25 ಅಂತ ಬರೆದಿಟ್ಟಿದ್ದಾಳೆ. ಅವಳಿಗೆ ಮುಂದಿನ ತಿಂಗಳು ಇನ್ನೊಂದು ಟೆಸ್ಟ್ ಇದೆ. ಈ ಸಲ ಚಾರ್ಜರ್ ಬಗ್ಗೆ ನನ್ನನ್ನು ಕೇಳಲ್ಲ ಅಂತ ಹೇಳಿದ್ದಾಳೆ.